ಮನಸ್ಸಿದೆ ಸ್ವಾಮಿ, ಮಾರ್ಗ ಹೇಳಿ

ನಿನ್ನೆ ಒಂದು ಸನ್ಮಾನ ಸಮಾರಂಭ. ನಿವೃತ್ತರೊಬ್ಬರು ಎಂ.ಎ. ಮುಗಿಸಿದ್ದಕ್ಕೆ ಶಾಲು, ಹಾರ, ಮೈಸೂರು ಪೇಟ, ಹಣ್ಣಿನ ಬುಟ್ಟಿ ಎಲ್ಲ ಆಯಿತು. ಅವರಿಗೆ ನನ್ನದೂ ಒಂದು ನಮಸ್ಕಾರ. ಆಮೇಲೆ ಮುಖ್ಯ ಅತಿಥಿಗಳು ಮೈಕ್ ಹಿಡಿದರು ನೋಡಿ, ಮುಕ್ಕಾಲು ಗಂಟೆ ಬಿಡಲಿಲ್ಲ. "ವಯಸ್ಸು ಬರೀ ಸಂಖ್ಯೆ" ಅನ್ನೋದನ್ನೇ ತಿರುವಿ ತಿರುವಿ ಹೇಳಿದರು. ಹಿಂದಿನ ಸಾಲಿನಿಂದ ನಲವತ್ತೈದರ ಆಸುಪಾಸಿನ ಹೆಂಗಸೊಬ್ಬರು ಧೈರ್ಯ ಮಾಡಿ ಎದ್ದು, "ಸಾರ್, ನಂದು ಪಿಯುಸಿ ಆಗಿದೆ. ಈಗ ಡಿಗ್ರಿಗೆ ಸೇರ್ಬೇಕು ಅಂದ್ರೆ ಏನ್ ಮಾಡ್ಬೇಕು?" ಅಂದರು. ಅತಿಥಿಗಳು ನಕ್ಕು, "ಮನಸ್ಸಿದ್ದರೆ ಮಾರ್ಗ, ತಾಯಿ!" ಅಂದರು. ಚಪ್ಪಾಳೆ. ಆಕೆ ಕೂತರು. ಜನ ಕೇಸರಿಬಾತ್ ಕಡೆ ಎದ್ದರು.

ನನಗೆ ಸಿಟ್ಟು ನೆತ್ತಿಗೇರಿತು. ಆಕೆಗೆ ಮನಸ್ಸಿತ್ತು ಕಣ್ರೀ. ಅದಕ್ಕೇ ಎದ್ದು ನಿಂತಿದ್ದು. ಕೇಳಿದ್ದು ಮಾರ್ಗವನ್ನು. ಬಸ್ ಸ್ಟ್ಯಾಂಡಿನಲ್ಲಿ "ಹಾಸನದ ಬಸ್ ಎಲ್ಲಿ ನಿಲ್ಲುತ್ತೆ" ಅಂದವರಿಗೆ "ಪ್ರಯಾಣ ಮಾಡೋ ಆಸೆ ಇರಬೇಕು" ಅಂತ ಯಾರಾದರೂ ಉತ್ತರ ಕೊಡ್ತಾರಾ?

ಸರಿ, ಅತಿಥಿಗಳು ಹೇಳದ್ದನ್ನು ನಾನೇ ಹೇಳ್ತೀನಿ.

ಮೊದಲನೆಯದಾಗಿ, ವಯಸ್ಸಿನ ಭಾಷಣ ಇಲ್ಲಿ ಬೇಕಾಗಿಯೇ ಇಲ್ಲ. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ (1996ರಿಂದ ಇದೆ) ಮತ್ತು ಇಗ್ನೋ (ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿವಿ, 1985ರಿಂದ ಇದೆ) ಎರಡರಲ್ಲೂ ಬಿ.ಎ., ಬಿ.ಕಾಂ.ಗೆ ಗರಿಷ್ಠ ವಯಸ್ಸು ಅಂತ ಒಂದಿಲ್ಲ. ವರ್ಷಕ್ಕೆ ಎರಡು ಸಲ, ಜುಲೈ ಮತ್ತು ಜನವರಿ ಆವೃತ್ತಿಗೆ, ಪ್ರವೇಶ ನಡೆಯುತ್ತೆ. ಕೌಂಟರ್‌ನಲ್ಲಿ ನಿಮ್ಮನ್ನು ತಡೆಯೋದು ವಯಸ್ಸಲ್ಲ, ನಿಮ್ಮ ಹೆಸರು.

ಹೌದು, ಹೆಸರು. ಮುಕ್ತ, ದೂರಶಿಕ್ಷಣ ಅಥವಾ ಆನ್‌ಲೈನ್ ಕೋರ್ಸ್ ಯಾವುದಕ್ಕೇ ಸೇರಲಿ, ಈಗ ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) ಡೆಬ್ ಐಡಿ, ಅಂದರೆ ಅದರ ದೂರಶಿಕ್ಷಣ ಮಂಡಳಿಯ ನೋಂದಣಿ ಸಂಖ್ಯೆ, ಕಡ್ಡಾಯ. ಡೆಬ್ ಐಡಿ ಬೇಕಾದರೆ ಎಬಿಸಿ ಐಡಿ ಬೇಕು, ಅದು ನಿಮ್ಮ ಓದಿನ ಕ್ರೆಡಿಟ್ ಜಮಾ ಆಗೋ ಖಾತೆಯ ಸಂಖ್ಯೆ, 12 ಅಂಕಿಯದು. ಎಬಿಸಿ ಐಡಿ ಡಿಜಿಲಾಕರ್ (ಸರ್ಕಾರದ ದಾಖಲೆ ಆ್ಯಪ್) ಮೂಲಕ ಬರುತ್ತೆ. ಡಿಜಿಲಾಕರ್‌ಗೆ ಆಧಾರ್, ಆಧಾರ್‌ಗೆ ಜೋಡಿಸಿದ ಮೊಬೈಲಿಗೆ ಬರುವ ಒಟಿಪಿ. ಸರಪಳಿಯ ಈ ಕೊನೆ ಕೊಂಡಿಯಲ್ಲೇ ಎಷ್ಟೋ ಜನ ವಾಪಸ್ ಹೋಗ್ತಾರೆ, ಯಾಕಂದರೆ ಆಧಾರ್‌ನಲ್ಲಿರೋದು ಹತ್ತು ವರ್ಷದ ಹಿಂದೆ ಬಿಸಾಕಿದ ಸಿಮ್ ನಂಬರು, ಇಲ್ಲವೇ ಯಜಮಾನರ ನಂಬರು. ಆದ್ದರಿಂದ ಕಾಲೇಜಿಗೆ ಹೋಗೋ ಮೊದಲು ಆಧಾರ್ ಕೇಂದ್ರಕ್ಕೆ ಹೋಗಿ ಸ್ವಂತ ನಂಬರ್ ಹಾಕಿಸಿ.

ಈಗ ಹೆಸರಿಗೆ ಬರೋಣ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ 'ಸುಜಾತಾ ಕೆ. ಎಸ್.' ಅಂತಿರುತ್ತೆ. ಮದುವೆಯಾಗಿ ಆಧಾರ್‌ನಲ್ಲಿ 'ಸುಜಾತಾ ಮಂಜುನಾಥ್' ಆಗಿರುತ್ತೆ. ಐಡಿ ಹುಟ್ಟೋದು ಆಧಾರ್ ಹೆಸರಿನಲ್ಲಿ, ವಿಶ್ವವಿದ್ಯಾಲಯ ನೋಡೋದು ಎಸ್ಸೆಸ್ಸೆಲ್ಸಿ ಹೆಸರನ್ನು. ಕಂಪ್ಯೂಟರ್‌ಗೆ ಇವರಿಬ್ಬರೂ ಬೇರೆ ಬೇರೆ ಹೆಂಗಸರು. ಜನ್ಮದಿನದ ಕಥೆ ಇನ್ನೂ ಚೆಂದ. ಶಾಲೆಗೆ ಸೇರಿಸುವಾಗ ಮೇಷ್ಟ್ರು ತಮಗೆ ತೋಚಿದ ಜೂನ್ ತಾರೀಖು ಬರೆದಿರ್ತಾರೆ. ಆಧಾರ್ ಮಾಡಿಸುವಾಗ ಇಸವಿ ಮಾತ್ರ ಹೇಳಿದ್ದರಿಂದ ಜನವರಿ 1 ಬಿದ್ದಿರುತ್ತೆ. (ನಮ್ಮ ಊರುಗಳಲ್ಲಿ ಅರ್ಧ ಜನ ಹೊಸ ವರ್ಷದ ದಿನವೇ ಹುಟ್ಟಿದವರು.)

ಇದನ್ನು ಸರಿ ಮಾಡಿಸುವಾಗ ಆತುರ ಬೇಡ. ಆಧಾರ್‌ನಲ್ಲಿ ಹೆಸರು ಬದಲಿಸೋಕೆ ಜೀವನದಲ್ಲಿ ಎರಡೇ ಅವಕಾಶ, ಜನ್ಮದಿನಾಂಕಕ್ಕೆ ಒಂದೇ. ಹಿಂದೆ ಯಾವಾಗಲಾದರೂ ಬದಲಿಸಿದ್ದೀರಾ ಅಂತ ಮೊದಲು ನೆನಪು ಮಾಡಿಕೊಳ್ಳಿ. ದಿನಾಂಕಕ್ಕೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನೇ ದಾಖಲೆಯಾಗಿ ಕೊಟ್ಟು ಅದರಂತೆ ಮಾಡಿಸಿ. ಹೆಸರಿನಲ್ಲಿ ಇನಿಷಿಯಲ್ ಮಾತ್ರ ಹೆಚ್ಚು ಕಡಿಮೆ ಇದ್ದರೆ ಅಫಿಡವಿಟ್ ಸಾಕಾಗುತ್ತಾ ಅಂತ ಪ್ರವೇಶ ವಿಭಾಗದಲ್ಲಿ ಕೇಳಿ, ಆಮೇಲೆ ಆಧಾರ್‌ಗೆ ಕೈ ಹಾಕಿ. ಇಲ್ಲದಿದ್ದರೆ ಆಧಾರ್ ಸರಿಹೋಗಿ, ಪ್ಯಾನು, ಬ್ಯಾಂಕು, ಗ್ಯಾಸು ಎಲ್ಲ ಕೆಟ್ಟು ಕೂರುತ್ತೆ.

ಅಂಕಪಟ್ಟಿಯೇ ಕಳೆದಿದ್ದರೆ? ಪೊಲೀಸರ ಇ-ಲಾಸ್ಟ್ ರಿಪೋರ್ಟ್ ಮತ್ತು ಅಫಿಡವಿಟ್ ಜೊತೆ ಓದಿದ ಶಾಲೆಯ ಮುಖ್ಯೋಪಾಧ್ಯಾಯರ ಮೂಲಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಲಿಗೆ ಅರ್ಜಿ ಹಾಕಬೇಕು. ಪರೀಕ್ಷೆ ಬರೆದ ತಿಂಗಳು, ವರ್ಷ, ರಿಜಿಸ್ಟರ್ ನಂಬರ್ ಇದ್ದರೆ ಬೇಗ ಆಗುತ್ತೆ. ಶಾಲೆ ಮುಚ್ಚಿಹೋಗಿದ್ದರೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಲ್ಲಿ ದಾಖಲೆ ವಿಚಾರಿಸಿ. ಪಿಯುಸಿಯ ಟಿಸಿ ಬಗ್ಗೆ ಇನ್ನೊಂದು ಮಾತು: ಪಿಯುಸಿ ಆದಮೇಲೆ ಡಿಗ್ರಿಗೆ ಸೇರಿ, ಮದುವೆ ಅಂತ ಬಿಟ್ಟಿದ್ದರೆ, ಟಿಸಿ ಕೂತಿರೋದು ಆ ಡಿಗ್ರಿ ಕಾಲೇಜಿನಲ್ಲಿ. ಪಿಯು ಕಾಲೇಜಿನ ಮೆಟ್ಟಿಲು ಸವೆಸಿ ಪ್ರಯೋಜನ ಇಲ್ಲ. ಇಂಥವರು ಸಾಮಾನ್ಯವಾಗಿ ಕೇಳೋದು, "ಎರಡು ವರ್ಷ ಪಾಸಾಗಿದೆ, ಮೂರನೇ ವರ್ಷ ಮಾತ್ರ ಬರೀಬಹುದಾ?" ಅಂತ. ಇಪ್ಪತ್ತು ವರ್ಷದ ನಂತರ ಕಷ್ಟ. ಪದವಿ ಮುಗಿಸೋಕೆ ಗರಿಷ್ಠ ಅವಧಿ ಅಂತ ಇರುತ್ತೆ, ಪಠ್ಯಕ್ರಮವೂ ಎಷ್ಟೋ ಸಲ ಬದಲಾಗಿರುತ್ತೆ. ಹಳೆ ವಿಶ್ವವಿದ್ಯಾಲಯದಲ್ಲಿ ಒಮ್ಮೆ ವಿಚಾರಿಸಿ, ಆಗಲ್ಲ ಅಂದರೆ ಅಳದೆ ಮೊದಲ ವರ್ಷಕ್ಕೆ ಸೇರಿ.

"ಈಗೆಲ್ಲ ಫೋನಲ್ಲೇ ಆಗುತ್ತಲ್ಲ, ಇಷ್ಟೊಂದು ಹೆದರಿಸ್ತೀಯಲ್ಲ" ಅಂತ ಒಬ್ಬರು ಬಂದೇ ಬರ್ತಾರೆ. ಆಗುತ್ತೆ ಸ್ವಾಮಿ. ಸೈಬರ್ ಸೆಂಟರಿನ ಹುಡುಗ ಐದು ನಿಮಿಷದಲ್ಲಿ ಅರ್ಜಿ ತುಂಬುತ್ತಾನೆ, ಮೊಬೈಲ್ ಮತ್ತು ಇಮೇಲ್ ಜಾಗದಲ್ಲಿ ತನ್ನದೇ ಹಾಕ್ತಾನೆ. ಮುಂದಿನ ಮೂರು ವರ್ಷ ಹಾಲ್ ಟಿಕೆಟ್ ಸಂದೇಶ, ಶುಲ್ಕದ ಕೊನೆ ದಿನ, ಪಾಸ್‌ವರ್ಡ್ ಬದಲಿಸೋ ಒಟಿಪಿ ಎಲ್ಲ ಅವನಿಗೇ ಹೋಗುತ್ತೆ. ಅಷ್ಟರಲ್ಲಿ ಅವನು ಅಂಗಡಿ ಮುಚ್ಚಿ ದುಬೈಗೆ ಹೋಗಿರ್ತಾನೆ. ಟೈಪ್ ಮಾಡೋಕೆ ಅವನಿರಲಿ, ನಂಬರು ಮತ್ತು ಇಮೇಲ್ ನಿಮ್ಮದಿರಲಿ.

ಮುಂದೆ, ಯಾವ ಕೋರ್ಸ್? ಇಲ್ಲಿಯೂ 'ಮನಸ್ಸಿದ್ದರೆ ಮಾರ್ಗ' ಕೆಲಸಕ್ಕೆ ಬರಲ್ಲ. ಈ ವಯಸ್ಸಿನವರು, ಅದರಲ್ಲೂ ಮಕ್ಕಳನ್ನು ಬೆಳೆಸಿ ಮುಗಿಸಿದ ತಾಯಂದಿರು, ತುಂಬಾ ಜನ ಇಷ್ಟಪಡೋದು ಮನಃಶಾಸ್ತ್ರ ಮತ್ತು ಆಹಾರ-ಪೋಷಣೆ. 2025ರ ಜುಲೈ-ಆಗಸ್ಟ್ ಆವೃತ್ತಿಯಿಂದ ಇವೆರಡನ್ನೂ ದೂರಶಿಕ್ಷಣದಲ್ಲಿ, ಆನ್‌ಲೈನ್‌ನಲ್ಲಿ ಕೊಡಬಾರದು ಅಂತ ಯುಜಿಸಿ ನಿಲ್ಲಿಸಿದೆ. ಮನಃಶಾಸ್ತ್ರಜ್ಞರೂ, ಡಯಟಿಷಿಯನ್‌ಗಳೂ ಆರೋಗ್ಯ ವೃತ್ತಿಗಳ 2021ರ ಕಾಯ್ದೆಯ ಒಳಗೆ ಬಂದಿದ್ದೇ ಕಾರಣ. ಆದರೂ "ಮನೆಯಲ್ಲೇ ಕೂತು ಎಂ.ಎಸ್ಸಿ. ಸೈಕಾಲಜಿ" ಅನ್ನೋ ಜಾಹೀರಾತು ಕಂಡರೆ ಹುಷಾರು. ಸೇರೋ ಮುನ್ನ ಯುಜಿಸಿಯ ದೂರಶಿಕ್ಷಣ ಮಂಡಳಿಯ ಜಾಲತಾಣದಲ್ಲಿ ವಿಶ್ವವಿದ್ಯಾಲಯದ ಹೆಸರು ಇದೆಯಾ ಅಂತ ನೋಡಿದರೆ ಸಾಲದು. ನಿಮ್ಮ ಕೋರ್ಸು, ನಿಮ್ಮ ಆವೃತ್ತಿ ಪಟ್ಟಿಯಲ್ಲಿದೆಯಾ ನೋಡಬೇಕು. ಈ ಎಚ್ಚರಿಕೆ ಯಾಕೆ ಅಂತ 2015 ನೆನಪಿರೋ ಮೈಸೂರಿನವರಿಗೆ ಹೇಳಬೇಕಾಗಿಲ್ಲ. ಮುಕ್ತ ವಿವಿಗೆ 2012-13ರ ನಂತರ ಮಾನ್ಯತೆ ಇಲ್ಲ ಅಂತ ಆ ವರ್ಷ ಯುಜಿಸಿ ಪ್ರಕಟಿಸಿತು, ಮಾನ್ಯತೆ ಮರಳಿದ್ದು 2018-19ಕ್ಕೆ. ನಡುವೆ ಸಿಕ್ಕಿಕೊಂಡವರು ಅಂಕಪಟ್ಟಿ ಹಿಡಿದುಕೊಂಡು ಎಷ್ಟು ಕಚೇರಿ ಅಲೆದರು! ಈಗ ಆ ತೊಂದರೆ ಇಲ್ಲ. ಮಾನ್ಯತೆ ಇರುವ ಮುಕ್ತ ಪದವಿ ರೆಗ್ಯುಲರ್ ಪದವಿಗೆ ಸಮ ಅಂತ ಯುಜಿಸಿ 2022ರಲ್ಲಿ ಮತ್ತೊಮ್ಮೆ ಸ್ಪಷ್ಟವಾಗಿ ಹೇಳಿದೆ.

ಇನ್ನು 'ಒಂದೇ ವರ್ಷದಲ್ಲಿ ಡಿಗ್ರಿ'ಯವರು. ಲೈಟ್ ಕಂಬಕ್ಕೆ ಬೋರ್ಡ್ ಕಟ್ಟಿ ಶಿಕ್ಷಣ ಮಾರೋ ಈ ಜನರ ಬಗ್ಗೆ ಬರೆಯೋಕೆ ಹೋದರೆ ನನ್ನ ಬಿಪಿ ಏರುತ್ತೆ. ಮೂರು ವರ್ಷದ ಪದವಿ ಒಂದು ವರ್ಷದಲ್ಲಿ ಬರಲ್ಲ, ಅಷ್ಟೇ. ಪಿಯುಸಿ ಆಗದವರೂ ಅಡ್ಡದಾರಿ ಹುಡುಕಬೇಡಿ. ಎನ್‌ಐಒಎಸ್‌ನಲ್ಲಿ (ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ) ಹನ್ನೆರಡನೇ ತರಗತಿ ಕಟ್ಟಿ: ಐದು ವಿಷಯ, ಐದು ವರ್ಷದ ಅವಧಿ, ಒಂಬತ್ತು ಅವಕಾಶ. ಯಾಕೆ ಒತ್ತಿ ಹೇಳ್ತೀನಿ ಅಂದರೆ, ಡಿಗ್ರಿ ಆದಮೇಲೆ ಲಾ ಮಾಡಬೇಕು ಅಂತ ಆಸೆ ಪಡೋರು ಬಹಳ. ಪಿಯುಸಿಯಂಥ ಮೂಲ ವಿದ್ಯಾರ್ಹತೆ ಇಲ್ಲದೆ ಮುಕ್ತ ವಿವಿಯಲ್ಲಿ ನೇರವಾಗಿ ಡಿಗ್ರಿ ಪಡೆದವರಿಗೆ ಎಲ್‌ಎಲ್‌ಬಿ ಸೀಟಿಲ್ಲ ಅಂತ ಬಾರ್ ಕೌನ್ಸಿಲ್‌ನ 2008ರ ನಿಯಮ ಹೇಳುತ್ತೆ. ಅಂಕವೂ ಸಾಮಾನ್ಯ ವರ್ಗಕ್ಕೆ 45 ಪರ್ಸೆಂಟ್ ಬೇಕು, ಲಾ ಕಾಲೇಜಲ್ಲಿ ಹಾಜರಾತಿ 70. ಐವತ್ತನೇ ವಯಸ್ಸಿನಲ್ಲಿ ಕಪ್ಪು ಕೋಟಿನ ಕನಸು ಕಟ್ಟಿದವರಿಗೆ ಈ ಒಂದು ಸಾಲನ್ನು ಮೊದಲೇ ಹೇಳೋರಿಲ್ಲ. ಸರ್ಕಾರಿ ನೌಕರರಿಗೆ ಇನ್ನೊಂದು: ಇಲಾಖೆಯ ಅನುಮತಿ ಸೇರೋ ಮೊದಲೇ ತಗೊಳ್ಳಿ.

ಸೇರಿದ್ದಾಯಿತು. ಈಗ ಗಂಟೆ ಲೆಕ್ಕ. ಇಗ್ನೋ ಲೆಕ್ಕದಲ್ಲಿ ಒಂದು ಕ್ರೆಡಿಟ್ ಅಂದರೆ 30 ಗಂಟೆ ಓದು. 120 ಕ್ರೆಡಿಟ್‌ನ ಪದವಿಗೆ 3600 ಗಂಟೆ, ಮೂರು ವರ್ಷದಲ್ಲಿ ಮುಗಿಸೋಕೆ ವಾರಕ್ಕೆ 23 ಗಂಟೆ. ಮನೆ, ಕೆಲಸ, ಅತ್ತೆಯ ಮಂಡಿ ನೋವು ಎಲ್ಲ ಇರುವವರಿಗೆ ಇದು ಆಗದ ಮಾತು. ಆದರೆ ಆರು ವರ್ಷದವರೆಗೂ ಸಮಯ ಇದೆ. ಆಗ ವಾರಕ್ಕೆ ಹನ್ನೊಂದೂವರೆ ಗಂಟೆ: ಐದು ದಿನ ಬೆಳಿಗ್ಗೆ ಒಂದೂವರೆ ಗಂಟೆ, ಭಾನುವಾರ ನಾಲ್ಕು. ಮೂರೇ ವರ್ಷಕ್ಕೆ ಮುಗಿಸ್ತೀನಿ ಅಂತ ಹಟ ಹಿಡಿದವರು ಮೊದಲ ವರ್ಷದಲ್ಲೇ ಬಿಡೋದು ಹೆಚ್ಚು.

ಅಸೈನ್‌ಮೆಂಟನ್ನು ಸದರ ಮಾಡಬೇಡಿ. ಇಗ್ನೋದಲ್ಲಿ ನೂರಕ್ಕೆ 30 ಅಂಕ ಅದರದ್ದು, 70 ಪರೀಕ್ಷೆಯದ್ದು. ಕೈಯಲ್ಲೇ ಬರೀಬೇಕು. ಜೂನ್ ಪರೀಕ್ಷೆಗಾದರೆ ಮಾರ್ಚ್-ಏಪ್ರಿಲ್ ಹೊತ್ತಿಗೆ, ಡಿಸೆಂಬರಿಗಾದರೆ ಸೆಪ್ಟೆಂಬರ್-ಅಕ್ಟೋಬರ್ ಹೊತ್ತಿಗೆ ಕೊಡಬೇಕು. ನಿಮ್ಮ ಆವೃತ್ತಿಯ ಪ್ರಶ್ನೆಗಳಿಗೇ ಉತ್ತರ ಬರೀರಿ, ಪಕ್ಕದ ಮನೆಯವರು ಕೊಟ್ಟ ಹೋದ ವರ್ಷದ ಪ್ರತಿಗಲ್ಲ. ಕೊಡೋ ಮೊದಲು ಪ್ರತಿ ಪುಟದ ಫೋಟೋ, ಕೊಟ್ಟ ಮೇಲೆ ಸ್ವೀಕೃತಿ ಚೀಟಿ. ಅಂಕ ಜಾಲತಾಣದಲ್ಲಿ ದಾಖಲಾಗದೆ ಹೋದರೆ ನಿಮ್ಮ ಹತ್ತಿರ ಇರೋ ಸಾಕ್ಷಿ ಅದೊಂದೇ.

ಪರೀಕ್ಷೆ ಅಂದರೆ ಎಲ್ಲರಿಗೂ ಮರೆವಿನದ್ದೇ ಭಯ. ನಿಜವಾಗಿ ಕೈಕೊಡೋದು ಕೈಯೇ! ಇಪ್ಪತ್ತು ವರ್ಷ ಹಾಲಿನ ಲೆಕ್ಕ ಬಿಟ್ಟು ಬೇರೇನೂ ಬರೆಯದ ಬೆರಳುಗಳು ಒಂದು ಗಂಟೆಗೆ ಮರಗಟ್ಟುತ್ತವೆ. ಎರಡು ತಿಂಗಳ ಮೊದಲೇ ದಿನಕ್ಕೆ 15 ನಿಮಿಷ ಬರೆಯೋಕೆ ಶುರು ಮಾಡಿ, ವಾರಕ್ಕೆ 15 ನಿಮಿಷ ಏರಿಸಿದರೆ ಎಂಟನೇ ವಾರಕ್ಕೆ ಎರಡು ಗಂಟೆ ಬರೆಯೋ ಶಕ್ತಿ ಬರುತ್ತೆ. ಪ್ರೊಗ್ರೆಸಿವ್ ಕನ್ನಡಕ ಇದ್ದವರು ಓದೋಕೆ ಮಾತ್ರದ್ದು ಒಂದು ಬೇರೆ ಒಯ್ಯಿರಿ, ಮೂರು ಗಂಟೆ ಗದ್ದ ಎತ್ತಿ ಓದಿದರೆ ಕುತ್ತಿಗೆ ಹಿಡಿಯುತ್ತೆ. ಮುಳ್ಳಿನ ವಾಚು ಇರಲಿ, ಸ್ಮಾರ್ಟ್ ವಾಚು ಒಳಗೆ ಬಿಡಲ್ಲ. ಐದು ಪ್ರಶ್ನೆ ಇದ್ದರೆ ಒಂದಕ್ಕೆ 32 ನಿಮಿಷ, ಉಳಿದ ಇಪ್ಪತ್ತು ಓದೋಕೆ, ತಿದ್ದೋಕೆ. ದೊಡ್ಡವರ ದೊಡ್ಡ ತಪ್ಪು ಮೊದಲ ಉತ್ತರದಲ್ಲೇ ಆಗುತ್ತೆ. ಪಂಚಾಯತ್ ರಾಜ್ ಬಗ್ಗೆ ಕೇಳಿದರೆ ತಮ್ಮೂರ ಅಧ್ಯಕ್ಷರ ಪುರಾಣ ನಾಲ್ಕು ಪುಟ ಬರೀತಾರೆ. ಅಂಕ ಪಠ್ಯದಲ್ಲಿರೋದಕ್ಕೆ ಸಿಗುತ್ತೆ. ಅಲ್ಲಿ ಕಳೆದ ಸಮಯಕ್ಕೆ ಐದನೇ ಪ್ರಶ್ನೆ ಬಲಿ.

"ಹಾಗಾದರೆ ಸ್ಫೂರ್ತಿಯೇ ಬೇಡವೇ? 2017ರಲ್ಲಿ ನಾಲಂದಾ ಮುಕ್ತ ವಿವಿಯಿಂದ ರಾಜ್‌ಕುಮಾರ್ ವೈಶ್ಯ ಅವರು ನೂರರ ಹತ್ತಿರದ ವಯಸ್ಸಿನಲ್ಲಿ ಅರ್ಥಶಾಸ್ತ್ರ ಎಂ.ಎ. ಮಾಡಲಿಲ್ಲವೇ?" ಮಾಡಿದರು, ಕೈ ಮುಗಿಯೋಣ. ಆ ಹಿರಿಯರೂ ಮೂರು ಮೂರು ಗಂಟೆ ಕೂತು ಬರೆದೇ ಪಾಸಾದದ್ದು. ಅವರ ಫೋಟೋ ಹಂಚೋರಲ್ಲಿ ಎಷ್ಟು ಜನ ಪಕ್ಕದ ಮನೆಯ ಸುಜಾತಾಗೆ ಅರ್ಜಿ ತುಂಬಿಕೊಟ್ಟಿದ್ದಾರೆ? ಒಪ್ಪಿಕೊಳ್ತೀನಿ, ನಾನೂ ಒಂದು ಕಾಲದಲ್ಲಿ ಅವಸರದಲ್ಲಿದ್ದಾಗ ಇದೇ 'ಮನಸ್ಸಿದ್ದರೆ ಮಾರ್ಗ' ಹೇಳಿ ಫೋನ್ ಇಟ್ಟವನೇ. ಬಹಳ ಸುಲಭ. ಮೂರೇ ಸೆಕೆಂಡ್, ಎದುರಿನವರು ಥ್ಯಾಂಕ್ಸ್ ಬೇರೆ ಹೇಳ್ತಾರೆ.

ನಿನ್ನೆ ಕೇಸರಿಬಾತಿನ ಸಾಲಿನಲ್ಲಿ ಆಕೆಯನ್ನು ಹುಡುಕಿದೆ, ಅಷ್ಟರಲ್ಲಿ ಹೊರಟುಹೋಗಿದ್ದರು. ಹಸಿರು ಸೀರೆ, ಹಿಂದಿನ ಸಾಲು, ಕಂಬದ ಪಕ್ಕ. ಪರಿಚಯ ಇದ್ದವರು ಇದನ್ನು ಓದಿ ಹೇಳಿ. ಎಸ್ಸೆಸ್ಸೆಲ್ಸಿ ಕಾರ್ಡು, ಪಿಯುಸಿ ಕಾರ್ಡು, ಆಧಾರ್ ಮೂರನ್ನೂ ಪಕ್ಕಪಕ್ಕ ಇಟ್ಟು ಹೆಸರು, ತಾರೀಖು ಒಂದೇ ಇದೆಯಾ ನೋಡಲಿ. ಟಿಸಿ ಯಾವ ಕಾಲೇಜಲ್ಲಿದೆ ಅಂತಲೂ ನೆನಪು ಮಾಡಿಕೊಳ್ಳಲಿ.