ಹಳೇ ಕತ್ತಿಯನ್ನು ಬಫಿಂಗ್ ಚಕ್ರಕ್ಕೆ ಕೊಡಬೇಡಿ
ಹಳೇ ಕತ್ತಿಗಳನ್ನು ಸರಿಮಾಡೋ ಬಗ್ಗೆ ನೀವು ಬರೆದದ್ದರಲ್ಲಿ ಉಳಿದದ್ದೆಲ್ಲ ಸರಿ, ಆದರೆ ತುಕ್ಕು ಹಿಡಿದ ಹಳೇ ಕ್ಷೌರದ ಕತ್ತಿಯನ್ನು ಬಫಿಂಗ್ ಚಕ್ರಕ್ಕೆ (ಹೊಳಪು ಕೊಡಲು ಯಂತ್ರದಲ್ಲಿ ವೇಗವಾಗಿ ತಿರುಗುವ ಚಕ್ರ) ಹಿಡಿದು ಫಳಫಳ ಹೊಳೆಸಿ ಅಂದಿದ್ದೀರಲ್ಲ, ಅದನ್ನು ಒಪ್ಪಲ್ಲ. ಹಾಲೋ ಗ್ರೌಂಡ್, ಅಂದರೆ ಎರಡೂ ಬದಿ ಒಳಕ್ಕೆ ತಗ್ಗಾಗಿ ಮಸೆದ, ಅಲಗಿನ ಬಾಯಿ (ಹರಿತದ ಅಂಚು) ಕಾಗದದಷ್ಟು ತೆಳು. ಚಕ್ರದ ಬಿಸಿಗೆ ಕ್ಷಣದಲ್ಲಿ ಉಕ್ಕಿನ ಹದ, ಅಂದರೆ ಗಡಸುತನ, ಹೋಗುತ್ತೆ. ಉಕ್ಕು ನೀಲಿಗೆ ತಿರುಗಿತು ಅಂದರೆ ಸುಮಾರು 300 ಡಿಗ್ರಿ ಸೆಲ್ಸಿಯಸ್ ಮುಟ್ಟಿದೆ ಅಂತ. ಆಮೇಲೆ ಎಷ್ಟು ಮಸೆದರೂ ಹರಿತ ನಿಲ್ಲಲ್ಲ.

ದಾವಣಗೆರೆಯ ಮಂಡಿಪೇಟೆ ಕಡೆ ಅಂಗಡಿ ಮುಚ್ಚಿದ ಹಿರಿಯ ಕ್ಷೌರಿಕರೊಬ್ಬರಿಂದ ಕೊಂಡ, ಇಂಗ್ಲೆಂಡಿನ ಶೆಫೀಲ್ಡ್ ಊರಿನ ಕತ್ತಿ ನನ್ನ ಹತ್ತಿರ ಇದೆ. ಅಲಗಿನ ಬುಡದಲ್ಲಿ ಮಬ್ಬಾಗಿ 'ಇಂಗ್ಲೆಂಡ್' ಅನ್ನೋ ಮುದ್ರೆ. ಆಮದು ಮಾಲಿನ ಮೇಲೆ ತಯಾರಾದ ದೇಶದ ಹೆಸರು ಇರಲೇಬೇಕು ಅಂತ ಅಮೆರಿಕದ 1890ರ ಸುಂಕ ಕಾಯ್ದೆ ಹೇಳಿದ ಮೇಲೆ ಈ ಮುದ್ರೆ ಸಾಮಾನ್ಯವಾಯಿತು. ಕಾಲ ಅಂದಾಜಿಸೋಕೆ ಸಿಗುವ ಒಳ್ಳೇ ಸುಳಿವು ಅದು, ಚಕ್ರಕ್ಕೆ ಕೊಟ್ಟರೆ ಮೊದಲು ಅಳಿಸಿಹೋಗೋದೂ ಅದೇ!

ಎಣ್ಣೆ ಹಚ್ಚಿಟ್ಟು, ನಯವಾದ ಉಜ್ಜುಕಾಗದದಿಂದ ಕೈಯಲ್ಲೇ ಉಜ್ಜಿ. ಅಲಗಿನ ಬೆನ್ನನ್ನಂತೂ (ಬಾಯಿಗೆ ಎದುರಿನ ದಪ್ಪ ಅಂಚು) ಸವೆಸಬೇಡಿ, ಸಾಣೆಕಲ್ಲಿನ ಮೇಲೆ ಬೆನ್ನು, ಬಾಯಿ ಎರಡೂ ಒಟ್ಟಿಗೆ ಕೂತರೇ ಕೋನ ಸರಿಬರೋದು. ಹಿಡಿ ಹಳೇ ಕಾಲದ ಪ್ಲಾಸ್ಟಿಕ್ ಆದ ಸೆಲ್ಯುಲಾಯ್ಡ್‌ದಾದರೆ ಬೇರೆ ಕತ್ತಿಗಳ ಜೊತೆ ಒಂದೇ ಡಬ್ಬಿಯಲ್ಲಿ ಇಡಲೇಬೇಡಿ. ಅದು ಕೆಡುವಾಗ ಬಿಡುವ ಆಮ್ಲದ ಹಬೆಗೆ ಪಕ್ಕದ್ದಕ್ಕೂ ತುಕ್ಕು ಹತ್ತುತ್ತೆ.