ಹಳೆ ಲೆನ್ಸ್‌ಗೆ ಟಾರ್ಚ್ ಬಿಟ್ಟು ನೋಡಿ, ಆಮೇಲೆ ದುಡ್ಡು ಕೊಡಿ

"ಹೊಸದು ತಗೊಳ್ಳಲಾ, ಸೆಕೆಂಡ್ ಹ್ಯಾಂಡ್ ಸಾಕಾ?" ಹವ್ಯಾಸಕ್ಕೆ ಫೋಟೋ ತೆಗೆಯುವವರು ಹೀಗೆ ಕೇಳುವಾಗ ಇಡೀ ಕ್ಯಾಮೆರಾ ಬ್ಯಾಗಿಗೆ ಒಂದೇ ಉತ್ತರ ಬಯಸುತ್ತಾರೆ. ಆದರೆ ಲೆನ್ಸ್, ಬಾಡಿ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ), ಬ್ಯಾಟರಿ ಒಂದೊಂದೂ ಸವೆಯುವ ರೀತಿಯೇ ಬೇರೆ. ನನ್ನ ಮಟ್ಟಿಗೆ ಲೆಕ್ಕ ಸ್ಪಷ್ಟ: ಲೆನ್ಸನ್ನು ಮೊದಲು ಸೆಕೆಂಡ್ ಹ್ಯಾಂಡಿನಲ್ಲೇ ಹುಡುಕಿ, ಬಾಡಿಯನ್ನು ಚೆನ್ನಾಗಿ ಪರೀಕ್ಷಿಸಿ ಕೊಳ್ಳಿ, ಬ್ಯಾಟರಿ ಮತ್ತು ಮೆಮೊರಿ ಕಾರ್ಡ್ ಹೊಸದೇ ಇರಲಿ.

ಹೊಸ ಬಾಡಿಯ ಜೊತೆ ಬರುವ ಸಾಮಾನ್ಯ 18-55 ಕಿಟ್ ಲೆನ್ಸ್ ಪೂರ್ತಿ ಝೂಮ್ ಆಗುವಷ್ಟರಲ್ಲಿ ಎಫ್/5.6ಕ್ಕೆ ಇಳಿದಿರುತ್ತದೆ (ಎಫ್ ಅಂದರೆ ಬೆಳಕು ಒಳಬಿಡುವ ಕಿಂಡಿಯ, ಅಂದರೆ ಅಪರ್ಚರಿನ ಅಳತೆ; ಅಂಕಿ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು). 50 ಎಂಎಂ ಎಫ್/1.8 ಲೆನ್ಸ್ ಅದಕ್ಕಿಂತ ಒಂಬತ್ತು ಪಟ್ಟಿಗೂ ಹೆಚ್ಚು ಬೆಳಕು ಒಳಗೆ ಬಿಡುತ್ತದೆ. ಸಂಜೆ ಮನೆಯೊಳಗೆ ಐಎಸ್‌ಒ 6400 (ಕ್ಯಾಮೆರಾ ಬೆಳಕಿಗೆ ಎಷ್ಟು ಸ್ಪಂದಿಸಬೇಕು ಅನ್ನುವ ಸೆಟ್ಟಿಂಗ್; ಹೆಚ್ಚಿದಷ್ಟೂ ಚಿತ್ರ ಒರಟಾಗುತ್ತದೆ) ಬೇಡುವ ಫೋಟೋ, ಅದೇ ಶಟರ್ ಸ್ಪೀಡಿನಲ್ಲಿ 640ರ ಆಸುಪಾಸಿನಲ್ಲೇ ಮುಗಿಯುತ್ತದೆ. ಬಾಡಿಯನ್ನು ಎರಡು ಮಾಡೆಲ್ ಮೇಲಕ್ಕೆ ಏರಿಸಿದರೂ ಇಷ್ಟು ಲಾಭ ಸಿಗುವುದಿಲ್ಲ. ಹಾಗಾಗಿ ಹಣ ಸೀಮಿತವಾಗಿದ್ದರೆ ಹಳೆ ಬಾಡಿ, ಒಳ್ಳೆಯ ಲೆನ್ಸ್ ಅನ್ನುವುದೇ ನನ್ನ ಸಲಹೆ.

ಇನ್ನು ಪರೀಕ್ಷೆ. ಲೆನ್ಸ್‌ನ ಎರಡೂ ಕಡೆಯ ಮುಚ್ಚಳ ತೆಗೆದು, ಅಪರ್ಚರ್ ಪೂರ್ತಿ ತೆರೆದು, ಒಂದು ಕಡೆಯಿಂದ ಟಾರ್ಚನ್ನು ಓರೆಯಾಗಿ ಬಿಟ್ಟು ಇನ್ನೊಂದು ಕಡೆಯಿಂದ ನೋಡಿ. ಅಲ್ಲೊಂದು ಇಲ್ಲೊಂದು ಧೂಳಿನ ಕಣಕ್ಕೆ ಹೆದರಬೇಡಿ, ಅದು ಚಿತ್ರದಲ್ಲಿ ಕಾಣುವುದೇ ಇಲ್ಲ. ಜೇಡರ ಬಲೆಯಂತೆ ಕವಲೊಡೆದ ಎಳೆಗಳಿದ್ದರೆ ಅದು ಫಂಗಸ್, ಬಿಟ್ಟುಬಿಡಿ. ಅದು ಗಾಜಿನ ಮೇಲಿನ ಕೋಟಿಂಗನ್ನೇ ತಿಂದಿದ್ದರೆ, ಬಿಚ್ಚಿ ಒರೆಸಿದರೂ ಗುರುತು ಹೋಗುವುದಿಲ್ಲ. ಒಳಗೆ ಸಮನಾಗಿ ಹರಡಿದ ಬಿಳಿ ಮಬ್ಬು ಇನ್ನೊಂದು ಮೋಸ. ಬರಿಗಣ್ಣಿಗೆ ಲೆನ್ಸ್ ಚೊಕ್ಕವಾಗೇ ಕಾಣುತ್ತದೆ, ಎದುರು ಬೆಳಕು ಬಿದ್ದ ಕೂಡಲೇ ಫೋಟೋ ಪೇಲವವಾಗುತ್ತದೆ. ಅಪರ್ಚರ್ ಬ್ಲೇಡುಗಳ ಮೇಲೆ ಎಣ್ಣೆಯ ಹೊಳಪಿದೆಯಾ ಅಂತಲೂ ನೋಡಿ. ಎಣ್ಣೆ ಹಿಡಿದ ಬ್ಲೇಡ್ ಶಟರ್ ತೆರೆಯುವ ಮೊದಲು ಪೂರ್ತಿ ಮುಚ್ಚಿಕೊಳ್ಳುವುದಿಲ್ಲ, ಎಫ್/11ರಲ್ಲಿ ತೆಗೆದ ಚಿತ್ರ ಬೇಕಾದ್ದಕ್ಕಿಂತ ಬೆಳ್ಳಗೆ ಬರುತ್ತದೆ.

ಹೆಚ್ಚಿನವರು ಮಾಡದೇ ಬಿಡುವ ಪರೀಕ್ಷೆಯೊಂದಿದೆ. ಕ್ಯಾಮೆರಾವನ್ನು ಟ್ರೈಪಾಡ್ ಮೇಲಿಟ್ಟು, ಇಟ್ಟಿಗೆ ಗೋಡೆಗೆ ನೇರವಾಗಿ ನಿಲ್ಲಿಸಿ, ಅಪರ್ಚರ್ ಪೂರ್ತಿ ತೆರೆದು ಒಂದು ಫೋಟೋ ತೆಗೆಯಿರಿ. ದೊಡ್ಡದು ಮಾಡಿ ನಾಲ್ಕೂ ಮೂಲೆಗಳನ್ನು ಹೋಲಿಸಿ. ನಾಲ್ಕೂ ಸ್ವಲ್ಪ ಮೃದುವಾಗಿದ್ದರೆ ಅದು ಲೆನ್ಸ್‌ನ ಗುಣ. ಒಂದೇ ಮೂಲೆ ಮಸುಕಾಗಿದ್ದು, ಮತ್ತೆ ನೇರ ಮಾಡಿ ತೆಗೆದರೂ ಹಾಗೇ ಬಂದರೆ ಒಳಗಿನ ಗಾಜು ಓರೆಯಾಗಿದೆ. ಬಿದ್ದ ಲೆನ್ಸ್ ಸಾಮಾನ್ಯವಾಗಿ ಹೀಗೇ ಸಿಕ್ಕಿಬೀಳುತ್ತದೆ. ಝೂಮ್ ಆದರೆ ಎರಡೂ ತುದಿಯಲ್ಲಿ ನೋಡಿ.

ನಿಮ್ಮ ಬಾಡಿಗೆ ಹೊಂದುತ್ತದೆಯೇ ಅನ್ನುವುದನ್ನು ಮೊದಲೇ ಖಚಿತ ಮಾಡಿಕೊಳ್ಳಿ. ನಿಕಾನ್‌ನ ಹಳೆ ಎಎಫ್-ಡಿ ಲೆನ್ಸ್‌ಗಳ ಒಳಗೆ ಫೋಕಸ್ ಮೋಟಾರ್ ಇರುವುದಿಲ್ಲ. ಡಿ3000, ಡಿ5000 ಸರಣಿಯ ಬಾಡಿಗಳಲ್ಲೂ ಅದಿಲ್ಲ, ಹಾಗಾಗಿ ಫೋಕಸ್ ಕೈಯಲ್ಲೇ ಮಾಡಬೇಕು. ಕ್ಯಾನನ್ ಇಎಫ್ ಲೆನ್ಸ್‌ಗಳಾದರೆ ಕ್ಯಾನನ್‌ನದೇ ಅಡಾಪ್ಟರಿನಲ್ಲಿ ಆರ್ ಸರಣಿಯ ಮಿರರ್‌ಲೆಸ್ (ಒಳಗೆ ಕನ್ನಡಿಯಿಲ್ಲದ) ಬಾಡಿಗಳ ಮೇಲೆ ಆಟೋಫೋಕಸ್ ಸಮೇತ ಚೆನ್ನಾಗಿ ಕೆಲಸ ಮಾಡುತ್ತವೆ.

ಬಾಡಿಯ ವಿಷಯದಲ್ಲಿ ಎಲ್ಲರೂ ಶಟರ್ ಕೌಂಟ್, ಅಂದರೆ ಈವರೆಗೆ ಶಟರ್ ಎಷ್ಟು ಸಲ ಕ್ಲಿಕ್ ಆಗಿದೆ ಅಂತ ಕೇಳುತ್ತಾರೆ. ನಿಕಾನ್ ಡಿ750ರ ಶಟರನ್ನು 1,50,000, ಡಿ850ರದನ್ನು 2,00,000 ಕ್ಲಿಕ್ಕಿನವರೆಗೆ ಪರೀಕ್ಷಿಸಲಾಗಿದೆ. ಈ ಅಂಕಿಯೇನೂ ಗ್ಯಾರಂಟಿಯಲ್ಲ. ನಿಕಾನ್‌ನ ಎಷ್ಟೋ ಮಾಡೆಲ್‌ಗಳು ಕೌಂಟನ್ನು ಫೋಟೋ ಫೈಲಿನಲ್ಲೇ ಬರೆದಿಡುತ್ತವೆ, ಎಕ್ಸಿಫ್‌ಟೂಲ್ ಅನ್ನುವ ಸಾಫ್ಟ್‌ವೇರಿನಲ್ಲಿ ತೆರೆದರೆ ಸಿಗುತ್ತದೆ. ಆದರೆ ಗಂಟೆಗಟ್ಟಲೆ ವಿಡಿಯೋ ಮಾಡಿದ ಬಾಡಿಯ ಕೌಂಟ್ ಕಡಿಮೆಯೇ ಇರುತ್ತದೆ, ಅದನ್ನು ನೋಡಿ ಮರುಳಾಗಬೇಡಿ. ತಳದ ಸ್ಕ್ರೂಗಳ ತಲೆ ಕೆರೆದುಹೋಗಿದ್ದರೆ ಯಾರೋ ಬಿಚ್ಚಿದ್ದಾರೆ. ಬ್ಯಾಟರಿ ಗೂಡಿನಲ್ಲಿ ಹಸಿರು ಕಿಲುಬಿದ್ದರೆ ತೇವ ಹೋಗಿದೆ. ಅಂಥದ್ದು ಎಷ್ಟು ಅಗ್ಗವಾದರೂ ಬೇಡ.

ಸೆನ್ಸರ್ (ಬಾಡಿಯೊಳಗೆ ಚಿತ್ರ ಮೂಡುವ ಭಾಗ) ನೋಡಲು ಎಫ್/16ಕ್ಕೆ ಇಟ್ಟು, ಫೋಕಸ್ ತಪ್ಪಿಸಿ, ಬಿಳಿ ಗೋಡೆಯ ಫೋಟೋ ತೆಗೆಯಿರಿ. ಮಬ್ಬು ಚುಕ್ಕೆಗಳು ಧೂಳು, ಒರೆಸಿದರೆ ಹೋಗುತ್ತವೆ. ಒರೆಸಿದ ಮೇಲೂ ಮತ್ತೆ ಮತ್ತೆ ಬರುತ್ತಿದ್ದರೆ ಶಟರಿನಿಂದಲೇ ಎಣ್ಣೆ ಸಿಡಿಯುತ್ತಿರಬಹುದು. 2012ರ ನಿಕಾನ್ ಡಿ600 ಇದಕ್ಕೇ ಹೆಸರಾಯಿತು. 2014ರಲ್ಲಿ ನಿಕಾನ್ ಉಚಿತವಾಗಿ ಶಟರ್ ಬದಲಿಸಿಕೊಟ್ಟಿತು, ಆ ಮಾಡೆಲ್ ಸಿಕ್ಕರೆ ಬದಲಾಗಿದೆಯಾ ಅಂತ ಕೇಳಿ. ಮುಚ್ಚಳ ಹಾಕಿ 30 ಸೆಕೆಂಡ್ ಎಕ್ಸ್‌ಪೋಷರ್ ಕೊಟ್ಟರೆ ಹಾಟ್ ಪಿಕ್ಸೆಲ್ (ಬೆಳಕಿಲ್ಲದೆಯೂ ಹೊಳೆಯುವ ಸೆನ್ಸರಿನ ಬಿಂದು) ಬಣ್ಣದ ಚುಕ್ಕೆಗಳಾಗಿ ತೋರುತ್ತದೆ. ನಾಲ್ಕೈದು ಇದ್ದರೆ ಚಿಂತೆಯಿಲ್ಲ.

ಹಕ್ಕಿ, ಕ್ರೀಡೆಯೇ ನಿಮ್ಮ ಆಸಕ್ತಿಯಾಗಿದ್ದರೆ ಹೊಸ ಬಾಡಿಗೆ ಹಣ ಹಾಕುವುದರಲ್ಲಿ ಅರ್ಥವಿದೆ. ಹಕ್ಕಿಯ ಕಣ್ಣನ್ನು ಗುರುತಿಸಿ ಹಿಂಬಾಲಿಸುವ ಆಟೋಫೋಕಸ್ ಈಚಿನ ಮಿರರ್‌ಲೆಸ್‌ಗಳಲ್ಲಷ್ಟೇ ಸಿಗುವುದು. ಹೊಸದಕ್ಕೂ ಹಳೆಯದಕ್ಕೂ ಬೆಲೆಯಲ್ಲಿ ಹೆಚ್ಚು ಅಂತರ ಇಲ್ಲದಿದ್ದಾಗಲೂ ವಾರಂಟಿ ಇರುವ ಹೊಸದನ್ನೇ ತಗೊಳ್ಳಿ.

ನೋಡಲು ಹೋಗುವಾಗ ನಿಮ್ಮದೇ ಕಾರ್ಡ್, ಲ್ಯಾಪ್‌ಟಾಪ್, ಟಾರ್ಚ್ ಒಯ್ಯಿರಿ. ಬಾಡಿಯ ಮೇಲಿನ ಸೀರಿಯಲ್ ನಂಬರ್ ಬಿಲ್ಲಿನ ನಂಬರಿಗೆ ತಾಳೆಯಾಗದಿದ್ದರೆ, ಅಥವಾ ಟೆಸ್ಟ್ ಫೋಟೋ ತೆಗೆಯಲು ಮಾರುವವರು ಬಿಡದಿದ್ದರೆ, ಅಲ್ಲಿಂದ ಬರಿಗೈಲಿ ಎದ್ದು ಬನ್ನಿ.