ಐತೆ ಸಾರ್, ಸ್ವಲ್ಪ ಉಜ್ಜಿದ್ರೆ ಕೂರ್ತೈತೆ

ಹೆಬ್ಬೆರಳಿನ ಗಾತ್ರದ ಒಂದು ಕರೀ ತುಂಡು ಸಿಗದೆ, ಒಂದೂವರೆ ಟನ್ನಿಗೂ ಜಾಸ್ತಿ ತೂಗುವ ಗಾಡಿ ನಮ್ಮ ಮನೆ ಮುಂದೆ ಮುನಿಸಿಕೊಂಡು ನಿಂತಿದೆ. ಆ ತುಂಡಿನ ಹೆಸರು ರೋಟರ್. ಅದು ಕೂರುವ, ಇಂಜಿನ್ನಿನ ಪ್ಲಗ್ಗುಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್, ಅಂದರೆ ನಮ್ಮ ಮೆಕ್ಯಾನಿಕ್‌ಗಳ ಡೆಲ್ಕೊ, ಅದರ ಮುಚ್ಚಳವೂ ಸೀಳಿದೆ. ಎರಡನ್ನೂ ಒಂದೇ ಅಂಗೈಯಲ್ಲಿ ಹಿಡಿದುಕೊಂಡು ದಾವಣಗೆರೆಯ ಅಂಗಡಿ ಅಂಗಡಿ ಸುತ್ತುತ್ತಿದ್ದೇನೆ. ನಿನ್ನೆ ಸಂಜೆ ಪಿ.ಬಿ. ರಸ್ತೆಯಲ್ಲಿ ನಡೆದ ಮಾತುಕತೆ ನೆನೆಸಿಕೊಂಡರೆ ಈಗಲೂ ಬಿಪಿ ಏರುತ್ತದೆ.

ಗಾಡಿ ಜೋಂಗಾ. ನಿಸ್ಸಾನ್ ಪಟ್ರೋಲ್ ಅನ್ನುವ ಜಪಾನಿ ಗಾಡಿಯ ನಕ್ಷೆ ಇಟ್ಟುಕೊಂಡು, ನಮ್ಮ ಸೈನ್ಯಕ್ಕೆ ಅಂತ ಜಬಲ್ಪುರದಲ್ಲಿ 1969ರಿಂದ 1999ರವರೆಗೆ ಮಾಡಿದ್ದು. ಆರು ಸಿಲಿಂಡರ್, ಹತ್ತಿರ ಹತ್ತಿರ 4 ಲೀಟರಿನ ಪೆಟ್ರೋಲ್ ಇಂಜಿನ್. ಮೈಲೇಜ್ ಎಷ್ಟು ಅಂತ ಕೇಳಬೇಡಿ, ಮನೆಯಲ್ಲೂ ಇನ್ನೂ ಹೇಳಿಲ್ಲ. ನಮ್ಮ ಚಿಕ್ಕಪ್ಪ ಇದನ್ನು ಮಿಲಿಟರಿ ಹರಾಜಿನಲ್ಲಿ ಹಿಡಿದು, ಚನ್ನಗಿರಿ ಕಡೆಯ ಅಡಿಕೆ ತೋಟಕ್ಕೆ ಓಡಿಸಿಕೊಂಡಿದ್ದರು. ಮಂಡಿನೋವು ಶುರುವಾಗಿ ಕ್ಲಚ್ ತುಳಿಯಲು ಆಗದೆ ಹೋದಾಗ ಕೀಲಿಕೈ ನನ್ನ ಕೈಗೆ ಬಂತು. "ಮಿಲಿಟರಿ ಗಾಡಿ ಕಣೋ, ಕೆಡೋದೇ ಇಲ್ಲ" ಅಂದಿದ್ದರು. ಮಿಲಿಟರಿಯಲ್ಲಿ ಕೆಡಲ್ಲ, ನಿಜ. ಅಲ್ಲಿ ಸ್ಟೋರ್ ಇರುತ್ತೆ, ಸ್ಟೋರಿಗೊಬ್ಬ ಹವಾಲ್ದಾರ್ ಇರುತ್ತಾನೆ. ನನಗೆ ಇರೋದು ಪಿ.ಬಿ. ರಸ್ತೆ.

ಈ ರೋಟರ್ ಮಾಡೋ ಕೆಲಸ ದೊಡ್ಡದೇನಲ್ಲ. ಪಾಯಿಂಟ್ ಅನ್ನೋ ಪುಟ್ಟ ಸ್ವಿಚ್ಚು ತೆರೆದುಕೊಂಡಾಗ ಕಾಯಿಲ್‌ನಲ್ಲಿ, ಅಂದರೆ ತಂತಿ ಸುತ್ತಿದ ಡಬ್ಬಿಯಲ್ಲಿ, ಸಾವಿರಾರು ವೋಲ್ಟ್ ಹುಟ್ಟುತ್ತದೆ. ಅದನ್ನು ಮದುವೆ ಪಂಕ್ತಿಯಲ್ಲಿ ತುಪ್ಪ ಬಡಿಸುವವನ ಹಾಗೆ ರೋಟರ್ ಒಂದೊಂದೇ ಪ್ಲಗ್ಗಿಗೆ ಹಾಕಿಕೊಂಡು ಹೋಗುತ್ತದೆ. ಆದರೆ ಸಾಲಾಗಿ ಅಲ್ಲ. ಮೊದಲನೇ ಎಲೆ, ಆಮೇಲೆ ಐದನೆಯದು, ಆಮೇಲೆ ಮೂರು, ಆರು, ಎರಡು, ನಾಲ್ಕು. ಇಂಜಿನ್ ನಿಮಿಷಕ್ಕೆ 3000 ಸುತ್ತು ಸುತ್ತಿದರೆ ಸೆಕೆಂಡಿಗೆ 150 ಸಲ ಕಿಡಿ ಹಾರಬೇಕು. ಮುಚ್ಚಳ ಸೀಳಿದರೆ ಕಿಡಿ ಪ್ಲಗ್ಗಿಗೆ ಹೋಗುವ ಬದಲು ಸೀಳಿನಲ್ಲೇ ದಾರಿ ಹುಡುಕಿಕೊಳ್ಳುತ್ತದೆ. ಸ್ವಲ್ಪ ಮಳೆ ತೇವ ಇದ್ದರಂತೂ ಕೇಳೋದೇ ಬೇಡ. ಹದಡಿ ರಸ್ತೆಯಲ್ಲಿ ಢಂ ಅಂತ ಒಂದು ಶಬ್ದ ಮಾಡಿ, ನಾಯಿಗಳನ್ನೆಲ್ಲ ಎಬ್ಬಿಸಿ, ಗಾಡಿ ಕೂತುಬಿಟ್ಟಿತು.

ಈಗ ಆ ಅಂಗಡಿಯ ಅಣ್ಣನ ವಿಷಯಕ್ಕೆ ಬರುತ್ತೇನೆ. ಈ ಮನುಷ್ಯನ ಬಾಯಲ್ಲಿ ಇವತ್ತಿನವರೆಗೆ "ಇಲ್ಲ" ಅನ್ನೋ ಮಾತು ಬಂದಿದ್ದನ್ನು ಯಾರೂ ಕೇಳಿಲ್ಲ. ನಾನು "ಅಣ್ಣಾ, ಜೋಂಗಾದ್ದು..." ಅನ್ನುವಷ್ಟರಲ್ಲಿ, ಮೊಬೈಲಿನಿಂದ ತಲೆ ಎತ್ತದೆ "ಐತೆ" ಅಂದರು. ಏನು ಬೇಕು ಅಂತ ನಾನಿನ್ನೂ ಹೇಳಿಯೇ ಇಲ್ಲ! ಹೇಳಿದ ಮೇಲೂ "ಐತೆ". ಹುಡುಗನನ್ನು ಅಟ್ಟಕ್ಕೆ ಹತ್ತಿಸಿದರು. ಅವನು ಧೂಳಿನ ಸಮೇತ ಒಂದು ರೋಟರ್ ಇಳಿಸಿದ.

"ಇದು ಅಂಬಾಸಿಡರ್‌ದು ಅಲ್ವಾ ಅಣ್ಣಾ?"

"ಹೌದು ಸಾರ್. ಸ್ವಲ್ಪ ಉಜ್ಜಿದ್ರೆ ಕೂರ್ತೈತೆ."

ನನ್ನ ಹಳೇ ರೋಟರ್ ಪಕ್ಕದಲ್ಲಿಟ್ಟು ತೋರಿಸಿದೆ. ಎತ್ತರ ಬೇರೆ, ಒಳಗಿನ ಕಚ್ಚು ಬೇರೆ. ಅವರು ಎರಡನ್ನೂ ದೀಪದ ಕೆಳಗೆ ಹಿಡಿದು, ಚಿನ್ನ ಪರೀಕ್ಷೆ ಮಾಡುವವರ ಗಾಂಭೀರ್ಯದಲ್ಲಿ ನೋಡಿ, "ಜಾಸ್ತಿ ಉಜ್ಜಬೇಕು" ಅಂದರು.

ಆಮೇಲೆ ಮುಚ್ಚಳ ಬಂತು. ನಾಲ್ಕು ಸಿಲಿಂಡರಿನದು. ನಮ್ಮದು ಆರು ಅಂದೆ. ಅವರು ಬೆರಳಿಟ್ಟು ತೂತು ಎಣಿಸಿದರು. "ಯಾವ ನಾಲ್ಕು ಸಾರ್, ಐದೈತೆ ನೋಡ್ರಿ. ಒಂದೇ ತಾನೇ ಕಮ್ಮಿ?"

ಮಧ್ಯದ ತೂತು ಕಾಯಿಲ್‌ನಿಂದ ಕರೆಂಟ್ ಒಳಗೆ ಬರೋದಕ್ಕೆ, ಅದನ್ನು ಲೆಕ್ಕಕ್ಕೆ ತಗೊಳ್ಳೋ ಹಾಗಿಲ್ಲ ಅಂತ ಬಿಡಿಸಿ ಹೇಳಿದೆ. ಅವರು ಒಂದು ಕ್ಷಣ ಯೋಚಿಸಿದರು. ಪಕ್ಕದಲ್ಲಿ ಟ್ರ್ಯಾಕ್ಟರ್ ಫಿಲ್ಟರಿಗೆ ಬಂದಿದ್ದ ರೈತರೊಬ್ಬರು ಕೂಡ ಅವರ ಜೊತೆ ಯೋಚಿಸಿದರು.

"ಹಂಗಾದ್ರೆ ಎರಡು ಪ್ಲಗ್ ಬಂದ್ ಇಡ್ರಿ. ಪೆಟ್ರೋಲ್ ಉಳೀತೈತೆ."

"ನಾಲ್ಕರಲ್ಲೇ ಅಲ್ವೇನ್ರಿ ಕಾರು ಓಡೋದು" ಅಂತ ರೈತರೂ ದನಿಗೂಡಿಸಿದರು.

ಕಿಡಿ ಬರದ ಸಿಲಿಂಡರಿಗೂ ಪೆಟ್ರೋಲ್ ಹೋಗುತ್ತೆ, ಉರಿಯದೆ ಸೈಲೆನ್ಸರಿನಲ್ಲಿ ಆಚೆ ಬರುತ್ತೆ, ಉಳಿಯೋದು ಏನೂ ಇಲ್ಲ, ಇಂಜಿನ್ ನಡುಗಿ ನಡುಗಿ ಬೋಲ್ಟ್‌ಗಳೆಲ್ಲ ಸಡಿಲ ಆಗ್ತವೆ ಅಂತ ನಾನು ಹೇಳುತ್ತಲೇ ಇದ್ದೆ. ಇಬ್ಬರೂ ನನ್ನನ್ನು ಪಾಪ ಅನ್ನುವ ಹಾಗೆ ನೋಡಿದರು. ಸಿಕ್ಕಿದ್ದರಲ್ಲಿ ಹೊಂದಿಕೊಂಡು ಹೋಗಲು ಬಾರದ ಮನುಷ್ಯ ಅಂತ ಇಬ್ಬರಿಗೂ ಅರ್ಥ ಆಗಿತ್ತು. ಬಾಯಿ ಮುಚ್ಚಿಕೊಂಡು ಹೊರಡಬಹುದಿತ್ತು, ಆದರೆ ಹೇಗೂ ಬಂದಿದ್ದೀನಲ್ಲ ಅಂತ ಕಂಡೆನ್ಸರ್ ಕೇಳಿದೆ. ಪಾಯಿಂಟ್ ಸುಟ್ಟುಹೋಗದ ಹಾಗೆ ಕಾಯುವ ಸಣ್ಣ ಡಬ್ಬಿ ಅದು. "ಐತೆ" ಅಂತ ತೆಗೆದುಕೊಟ್ಟಿದ್ದು ಸೀಲಿಂಗ್ ಫ್ಯಾನಿನ ಕಂಡೆನ್ಸರ್! ಫ್ಯಾನಿನದು 2.5 ಮೈಕ್ರೋಫ್ಯಾರಡ್. ಗಾಡಿಗೆ ಬೇಕಾಗಿದ್ದು ಅದರ ಹತ್ತನೇ ಒಂದು ಭಾಗ. "ದೊಡ್ಡದು ಹಾಕಿದ್ರೆ ಒಳ್ಳೇದೇ ಅಲ್ವಾ ಸಾರ್?" ಅಂದರು. ಇದನ್ನು ಉಜ್ಜಬೇಕು ಅಂತ ಮಾತ್ರ ಹೇಳಲಿಲ್ಲ, ಅಷ್ಟೇ ಪುಣ್ಯ.

ಬೇರೆ ಕಡೆ ಹುಡುಕಿಲ್ಲ ಅಂತಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಗೆ ಫೋನ್ ಮಾಡಿದೆ. ದೆಹಲಿಯ ಕಾಶ್ಮೀರಿ ಗೇಟಿನವನೊಬ್ಬ ಫೋಟೋ ಕೇಳಿ, "ಮಿಲ್ ಜಾಯೇಗಾ" ಅಂದು, ಆಮೇಲೆ ಫೋನ್ ಎತ್ತೋದನ್ನೇ ಬಿಟ್ಟ. ಚಿತ್ರದುರ್ಗದ ಬಿ.ಡಿ. ರಸ್ತೆಯ ಗುಜರಿಯೊಂದರಲ್ಲಿ ಇಡೀ ಡೆಲ್ಕೊ ಸಿಕ್ಕಿತ್ತು, ನಿಜವಾದ ಆರರದ್ದೇ. ಶಾಫ್ಟ್ ತುಕ್ಕು ಹಿಡಿದು ಜಾಮ್ ಆಗಿತ್ತು, ರೋಟರ್ ಮುರಿದಿತ್ತು, ಮುಚ್ಚಳ ಇರಲೇ ಇಲ್ಲ. "ಮಿಲಿಟರಿ ಮಾಲು ಸಾರ್" ಅಂತ ಅವನು ಹೇಳಿದ ರೇಟಿಗೆ ದುರ್ಗದ ಕೋಟೆಯ ಒಂದು ಬುರುಜು ಬರುತ್ತಿತ್ತೇನೋ.

ಇನ್ನು ಸಲಹೆ. ನಮ್ಮೂರಲ್ಲಿ ಬೆಣ್ಣೆದೋಸೆಗಾದರೂ ದುಡ್ಡು ಕೊಡಬೇಕು, ಸಲಹೆ ಪುಕ್ಕಟೆ. ಬಾನೆಟ್ ಎತ್ತಿದರೆ ಸಾಕು, ಯಾರೋ ಒಬ್ಬರು ಬೈಕ್ ನಿಲ್ಲಿಸಿ "ಡೀಸೆಲ್ ಇಂಜಿನ್ ಹಾಕ್ಸಿಬಿಡ್ರಿ" ಅನ್ನುತ್ತಾರೆ. ಡೀಸೆಲ್‌ಗೆ ಪ್ಲಗ್ ಇಲ್ಲ, ಪಾಯಿಂಟ್ ಇಲ್ಲ, ಡೆಲ್ಕೊ ಇಲ್ಲ, ತಲೆನೋವೇ ಇಲ್ಲ. ಇರಬಹುದು. ತಲೆನೋವಿಗೆ ತಲೆಯನ್ನೇ ಬದಲಾಯಿಸಿದರಾಯಿತು ಅನ್ನೋ ವೈದ್ಯ ಇದು. ಈ ಗಾಡಿಯನ್ನು ನಾನು ಇಟ್ಟುಕೊಂಡಿರೋದೇ ಆ ಆರು ಸಿಲಿಂಡರಿನ ಮೆತ್ತನೆ ಸದ್ದಿಗೆ. ಅದು ಹೋದ ಮೇಲೆ ಉಳಿಯೋದು ತಗಡು.

ಎದುರು ಮನೆ ಅಕ್ಕನಿಗೆ ಮಾತ್ರ ಈ ತಗಡಿನ ಬೆಲೆ ಗೊತ್ತಾಗಿದೆ. ಬಾನೆಟ್ ಚಪ್ಪಟೆಯಾಗಿದೆ, ಬಿಸಿಲು ಚೆನ್ನಾಗಿ ಬೀಳುತ್ತೆ, ಅವರ ಸಂಡಿಗೆ ಅಲ್ಲೇ ಒಣಗುತ್ತಿದೆ. "ಸಾಮಾನು ಸಿಕ್ತಾ?" ಅಂತ ದಿನಾ ಕೇಳುತ್ತಾರೆ. ಇಲ್ಲ ಅಂದ ತಕ್ಷಣ ಮುಖ ಅರಳುತ್ತದೆ.

ಮೊದಲು ಇಷ್ಟು ಕಷ್ಟ ಇರಲಿಲ್ಲ. ಹತ್ತಿ ಮಿಲ್ಲುಗಳು ಓಡುತ್ತಿದ್ದ ಕಾಲದಿಂದ ಊರಿನ ಗಾಡಿಗಳ ವೈರಿಂಗ್ ನೋಡುತ್ತಿದ್ದ ಸಾಬರೊಬ್ಬರಿದ್ದರು. ಪಾಯಿಂಟ್ ಗ್ಯಾಪ್‌ಗೆ ಸಿಗರೇಟು ಪ್ಯಾಕಿನ ರಟ್ಟು ಹರಿದು ಇಡುತ್ತಿದ್ದರು. ಕಿಡಿ ಹಾರುವ ಟೈಮಿಂಗ್ ಸರಿ ಮಾಡೋದಕ್ಕೆ ಲೈಟ್ ಗೀಟ್ ಏನೂ ಇಲ್ಲ, ಕಣ್ಣು ಮುಚ್ಚಿ, ಕಿವಿ ಕೊಟ್ಟು, ಡೆಲ್ಕೊವನ್ನು ಚೂರೇ ಚೂರು ತಿರುಗಿಸಿ "ಈಗ ಹಾಡ್ತು ನೋಡಪ್ಪ" ಅನ್ನುತ್ತಿದ್ದರು. ಈಗ ಅವರಿಗೆ ಕಣ್ಣು ಕಾಣಲ್ಲ, ಅಂಗಡಿ ಕಡೆ ಬರೋದನ್ನೂ ಬಿಟ್ಟಿದ್ದಾರೆ. ಅಂಗಡಿಯಲ್ಲಿ ಮೊಮ್ಮಗ ಇದ್ದಾನೆ. ಒಳ್ಳೇ ಹುಡುಗ. ಗಾಡಿ ನೋಡಲು ಮನೆಗೇ ಬಂದಿದ್ದ. ಡ್ಯಾಶ್‌ಬೋರ್ಡ್ ಕೆಳಗೆ ಬಗ್ಗಿ ತುಂಬಾ ಹೊತ್ತು ತಡಕಾಡಿ, "ಅಂಕಲ್, ಸ್ಕ್ಯಾನರ್ ಹಾಕೋ ಪೋರ್ಟ್ ಎಲ್ಲಿ?" ಅಂದ. ಕಂಪ್ಯೂಟರೇ ಇಲ್ಲದ ಗಾಡಿಗೆ ಎಲ್ಲಿಯ ಪೋರ್ಟ್! ಬೈಯಲು ಮನಸ್ಸು ಬರಲಿಲ್ಲ. ಟೀ ಕುಡಿಸಿ ಕಳಿಸಿದೆ.

ಇಷ್ಟು ಬರೆಯುತ್ತಿರುವಾಗಲೇ ಪಿ.ಬಿ. ರಸ್ತೆಯ ಅಣ್ಣನ ಫೋನ್ ಬಂತು.

"ಸಾರ್, ಮುಚ್ಚಳ ಐತೆ, ಬರ್ರಿ."

"ಆರರದ್ದಾ ಅಣ್ಣಾ?"

"ಎಂಟರದ್ದು. ಯಾವ್ದೋ ಹಳೇ ಫೋರ್ಡ್‌ದಂತೆ. ಎಣಿಸಿದೀನಿ, ಒಂಬತ್ತು ತೂತೈತೆ. ಉಳಿದಿದ್ದು ಇಟ್ಕೊಳ್ರಿ ಸಾರ್, ಮುಂದೆ ಬೇಕಾಗ್ತೈತೆ."